ಕಿಟ್ಲಿಯ ಗದ್ದಲ, ಅತ್ತಿಯ ಒಡಪು

ನಮ್ಮ ಮನ್ಯಾಗ ಗುಟ್ಟು ಅನ್ನೂದು ಯಾವತ್ತೂ ಇರಲಿಲ್ಲ. ಗುಟ್ಟು ಇಟ್ಕೊಳ್ಳಾಕ ಮೊದಲು ಮೆಲ್ಲಕ ಮಾತಾಡಾಕ ಬರಬೇಕಲ್ಲ? ನಮ್ಮ ಮಾವ ಗಂಗಾವತಿಯ ಅಕ್ಕಿ ಗಿರಣ್ಯಾಗ ಮಷೀನ್ ನೋಡ್ಕೊಂತ ಕೂದಲಾ ಬೆಳ್ಳಗ ಮಾಡ್ಕೊಂಡವರು. ಕೂದಲಾ ಬೆಳ್ಳಗಾಗೂಕ್ಕಿಂತ ಮೊದಲ ಕಿವಿ ಹೋದ್ವು. ಹಗಲೆಲ್ಲಾ ಬೆಲ್ಟು, ಮೋಟಾರು, ಭತ್ತ ಸುಲಿಯೂ ಹಲ್ಲರು, ಜರಡಿ ಇವುಗಳ ನಡುವ ನಿಂತು ಮನಿಗೆ ಬಂದ ಮನಷ್ಯಾಗ ಹೆಂಡ್ತಿ ಮಾತು ಸೊಳ್ಳಿ ಗುಂಯ್‌ಗುಟ್ಟಿಧಂಗ ಕೇಳ್ತಿತ್ತಂತ. ಆಮ್ಯಾಲ ಆ ಸೊಳ್ಳಿನೂ ಹಾರಿ ಹೋತು.

ಹಿಂಗಾಗಿ ಅತ್ತಿ ಒದರಾಕ ಕಲತ್ರು. ಅಡಗಿ ಮನ್ಯಾಗ ನಿಂತು, "ಏನ್ರೀ, ಸಕ್ಕರಿ ತೀರೇತಿ!" ಅಂತ ಒದರಿದರ ಪಡಸಾಲ್ಯಾಗ ಕುಂತ ಮಾವಗ ಮೂರನೇ ಸಲಕ್ಕ ಕೇಳ್ತಿತ್ತು, ರಸ್ತೆ ಆಚಿಗಿನ ಕಿರಾಣಿ ಅಂಗಡಿಯಣ್ಣಗ ಮೊದಲನೇ ಸಲಕ್ಕ ಕೇಳ್ತಿತ್ತು. ಮಾವ ಚಪ್ಪಲಿ ಮೆಟ್ಟಿ ರಸ್ತೆ ದಾಟೂದರಾಗ ಆತ ಸಕ್ಕರಿ ಕಟ್ಟಿ ಕೈಯಾಗ ಹಿಡಕೊಂಡು ನಿಂತಿರ್ತಿದ್ದ. ನಾನು ಬಸುರಾದ ಸುದ್ದೀನ ಅತ್ತಿ ಮಾವಗ ಹೇಳಿದ ದಿನ, ನನ್ನ ಗಂಡ ಕೆಲಸದಿಂದ ಮನಿಗೆ ಬರೂಕ್ಕಿಂತ ಮೊದಲ ಬಾಜು ಮನಿಯಿಂದ ನನಗ ಮಾವಿನಕಾಯಿ ಉಪ್ಪಿನಕಾಯಿ ಬಂದಿತ್ತು.

ನಾನು ಕುಷ್ಟಗಿ ಕಡಿಯಾಕಿ. ಮದಿವ್ಯಾಗಿ ಬಂದ ಹೊಸದಾಗಿ, ಇವರಿಬ್ಬರೂ ದಿನಾ ಜಗಳಾಡ್ತಾರ ಅಂತ ತಿಳದು ಖೋಲಿಯೊಳಗ ಕುಂತು ಅಳ್ತಿದ್ದೆ. ಆಮ್ಯಾಲ ಗೊತ್ತಾತು, ಅವರು "ಊಟ ಆತೇನು", "ಆತು" ಅಂತ ಮಾತಾಡ್ಕೊಳ್ತಿದ್ರು. ನೋಡ್ರಿ, ಅಷ್ಟು ಕಣ್ಣೀರು ದಂಡ.

ಹೋದ ಬ್ಯಾಸಗಿ ಸೂಟ್ಯಾಗ ನಾನು ಮತ್ತ ಅತ್ತಿ ಮಾವನ್ನ ಕರಕೊಂಡು ಕೊಪ್ಪಳಕ್ಕ ಹೋದ್ವಿ, ಕಿವಿ ಮಷೀನ್ ಹಾಕ್ಸಾಕ. ಅಲ್ಲಿ ಕುಂತ ಹುಡುಗಿ ಪೆನ್ನು ಹಿಡಕೊಂಡು, "ಪೇಷೆಂಟ್ ಹೆಸರೇನ್ರಿ?" ಅಂದ್ಲು. ಮಾವಗ ಕೇಳಲಿಲ್ಲ. ಕೇಳ್ಸೂದಾದರ ಅಲ್ಲಿಗ್ಯಾಕ ಹೋಗ್ತಿದ್ವಿ? ಹುಡುಗಿ ಅತ್ತಿ ಕಡೆ ನೋಡಿದ್ಲು. ಅತ್ತಿ ಸೆರಗು ಸರಿ ಮಾಡ್ಕೊಂಡು ನನ್ನ ಕಡೆ ನೋಡಿದ್ರು. ನಮ್ಮ ಮನಿತನದಾಗ ಹೆಂಡ್ತಿ ಗಂಡನ ಹೆಸರು ಹೇಳಂಗಿಲ್ಲ, ಸೊಸಿ ಮಾವನ ಹೆಸರು ಹೇಳಂಗಿಲ್ಲ. ನಾನು ಬಿ.ಎಡ್. ಮಾಡಿ ಹೈಸ್ಕೂಲಿನ್ಯಾಗ ವಿಜ್ಞಾನ ಹೇಳಿಕೊಡಾಕಿ, ಖರೆ. ಆದ್ರ ಅತ್ತಿ ಬಾಜೂಕ ಕುಂತಾಗ ಬಿ.ಎಡ್. ಏನು ಮಾಡತೈತ್ರಿ? ನಾನು ಗ್ವಾಡಿ ಮ್ಯಾಲಿನ ಕಿವಿ ಚಿತ್ರಾ ನೋಡ್ಕೊಂತ ಕುಂತೆ.

"ಇವರಿಗೆ ಹೆಸರ ಇಲ್ಲೇನ್ರಿ?" ಅಂದ್ಲು ಹುಡುಗಿ.

ಕಡಿಗೆ ಅತ್ತಿ ಚೀಲಕ್ಕ ಕೈ ಹಾಕಿ ಮಾವನ ಆಧಾರ್ ಕಾರ್ಡ್ ತಗದು ಮೇಜಿನ ಮ್ಯಾಲ ಇಟ್ರು. "ಓದ್ಕೋ ತಂಗಿ. ಸರಕಾರದವರು ಬರದಾರ, ಅವರಿಗೇನು ಹೇಳೂರು ಕೇಳೂರು ಇಲ್ಲ." ನಾನೂ ಇದರಾಗ ಯಾರ ಹೆಸರೂ ಬರಿಯಂಗಿಲ್ಲ. ಅತ್ತಿ ಚಷ್ಮಾ ಹಾಕ್ಕೊಂಡು ಎಲ್ಲಾ ಓದ್ತಾರ.

ಆ ಹುಡುಗಿ ಮಷೀನ್ ಕಿವಿಯೊಳಗ ಕುಂದ್ರಿಸಿ, ಎಲ್ಲಾ ತಿಳಿಸಿ ಹೇಳಿದ್ಲು. ಒಂದು ತಾರೀಕು ಕೊಟ್ಟು, ಅಲ್ಲಿ ತನಕ ಹಾಕ್ಕೊಂಡು ನೋಡ್ರಿ, ಒಗ್ಗಲಿಲ್ಲಂದ್ರ ವಾಪಸ್ ಕೊಡ್ರಿ ಅಂದ್ಲು. ಇಷ್ಟು ವರ್ಷ ಮಲಗಿದ್ದ ಕಿವಿ ಈಗ ಎದ್ದೈತಿ, ಮೊದಮೊದಲು ಸಣ್ಣ ಸಪ್ಪಳಾನೂ ದೊಡ್ಡದಾಗಿ ಕೇಳತೈತಿ, ರೂಢಿ ಆಗೂ ತನಕ ಮನ್ಯಾಗ ಗದ್ದಲ ಕಡಿಮಿ ಇರಲಿ ಅಂತನೂ ಅಂದ್ಲು. ಅತ್ತಿ ಆ ತಾರೀಕನ್ನ ಮನಸಿನ್ಯಾಗ ಪಂಚಾಂಗಕ್ಕ ಹಾಕಿ ನೋಡಿ, "ಅಂದ್ರ ಅಮಾಸಿ ತನಕ" ಅಂದ್ರು.

ಬಸ್ಸಿನ್ಯಾಗ ಕಂಡಕ್ಟರ್ ಸೀಟಿ ಊದಿದಾಗ ಮಾವ ಕುಂತಲ್ಲಿಂದ ಗೇಣು ಮ್ಯಾಲೆದ್ರು. ಮನಿಗೆ ಬಂದು ಕುಂತವರು, "ಏನದು ಕಿಣಿಕಿಣಿ?" ಅಂತ ಸುತ್ತ ಮುತ್ತ ನೋಡಾಕ ಹತ್ತಿದ್ರು. "ಅತ್ತಿ ಕೈಯಾಗಿನ ಬಳಿರಿ ಮಾವಾರ," ಅಂದೆ. ಅತ್ತಿ ಪಟ್ಟನ ಕೈ ಸೆರಗಿನೊಳಗ ಮುಚ್ಕೊಂಡು ಒಳಗ ಹೋದ್ರು. ಆ ವಯಸ್ಸಿನ್ಯಾಗ ಅವರ ಮುಖಾ ಕೆಂಪಾದದ್ದನ್ನ ನಾನು ಕಣ್ಣಾರೆ ನೋಡೀನಿ.

ಇನ್ನೇನು ಎಲ್ಲಾ ಛಲೋ ಆತು ಅನ್ನೂದರಾಗ ಮರುದಿನ ಮುಂಜಾನೆ ಕಿಟ್ಲಿ ಅಡ್ಡ ಬಂತು.

ಕಿಟ್ಲಿ ಅಂದ್ರ ಕರೆಂಟಿನ ಕೆಟಲ್ಲು. ಮಾವ ಅದಕ್ಕ ಕಿಟ್ಲಿ ಅಂತಾರ. ಗಿರಣಿ ಧೂಳು ಕುಡದ ಗಂಟಲಾ ಅವರದು, ಬೆಂಕಿಯಂಥಾ ಬ್ಯಾಸಗ್ಯಾಗೂ ಏಳೂದರಾಗ ಬಿಸಿನೀರು ಬೇಕು. ಹಿಂದೊಮ್ಮೆ ಗ್ಯಾಸ್ ಚಾಲೂ ಮಾಡಿ, ಕಡ್ಡಿ ಗೀರೂದು ಮರತು, ಹೊರಗ ಹೋಗಿ ಕಟ್ಟಿ ಮ್ಯಾಲ ಕುಂತಿದ್ರು. ಸುಯ್ ಅನ್ನೂದು ಕಿವಿಗೆ ಕೇಳಂಗಿಲ್ಲ, ತೌಡಿನ ಧೂಳಿಗೆ ಮೂಗೂ ಸತ್ತೇತಿ. ದೇವರ ದಯಾ, ಅತ್ತಿ ಎದ್ದು ಬಂದ್ರು. ಆವತ್ತಿನಿಂದ ಗ್ಯಾಸಿಗೆ ಮಾವ ಕೈ ಹಚ್ಚಂಗಿಲ್ಲ ಅಂತ ಆಗಿ, ನನ್ನ ಗಂಡ ತಾನ ಬಂದ್ ಆಗೂವಂಥಾ ಸ್ಟೀಲಿನ ಕೆಟಲ್ ತಂದುಕೊಟ್ರು. ಅದು ಬಂದದ್ದ ತಡ, ಮಾವಗ ನೌಕರಿ ಮತ್ತ ಸಿಕ್ಕಂಗಾತು. ದಿನಾ ಅರಬಿಲೆ ವರಸೂದು, ವಯರ್ ಸುತ್ತಿ ಇಡೂದು, ಯಾರನ್ನೂ ಮುಟ್ಟಗೊಡದಿರೂದು. "ಗಿರಣಿ ಬಿಟ್ಟ ಮ್ಯಾಲ ನನ್ನ ಕೈಯಾಗ ಉಳದ ಮಷೀನು ಇದೊಂದ," ಅಂತಿದ್ರು. ಕಿವಿ ಕೇಳದಿದ್ದಾಗ ಅಡಗಿ ಕಟ್ಟಿ ಮ್ಯಾಲ ಅಂಗೈ ಊರಿ, ಕಲ್ಲು ನಡಗೂದರ ಮ್ಯಾಲ ನೀರು ಎಲ್ಲಿಗೆ ಬಂತು ಅಂತ ತಿಳ್ಕೊಳ್ತಿದ್ರು.

ಆವತ್ತು ಕಿವಿ ಮಷೀನ್ ಹಾಕ್ಕೊಂಡು ಹೋಗಿ ಗುಂಡಿ ಒತ್ತಿದ್ರು. ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮ್ಯಾಲ ಸಣ್ಣಗ ಸುಂಯ್ ಅಂತು. ಸುಂಯ್ ಅನ್ನೂದು ಗುರ್ ಆಗಿ, ಗುರ್ ಅನ್ನೂದು ಭರ್ರ್ ಆಗಿ, ಲಾರಿ ದಿನ್ನಿ ಏರಿಧಂಗ ಆತು. ಮಾವ ಎರಡೂ ಕೈ ಮ್ಯಾಲೆತ್ತಿ, "ಏ! ಬೇರಿಂಗ್ ಹೋಗೇತಿ! ಬಂದ್ ಮಾಡ್ರಿ, ಬಂದ್ ಮಾಡ್ರಿ!" ಅಂತ ಚೀರಿದ್ರು. ನಾವೆಲ್ಲಾ ಓಡಿ ಬರೂದರಾಗ ಕಿವ್ಯಾಗಿನ ಮಷೀನ್ ಕಿತ್ತು ಅಂಗಿ ಕಿಸೆಕ್ಕ ಹಾಕ್ಕೊಂಡು, ಮುಖದ ಮ್ಯಾಲ ದೊಡ್ಡ ಸಮಾಧಾನ ತಂದ್ಕೊಂಡು ನಿಂತಿದ್ರು. "ಗಿರಣಿ ಬಿಟ್ಟು ಮನಿಗೆ ಬಂದೆ, ಈಗ ಗಿರಣೀನ ಮನಿಗೆ ಬಂದೈತಿ. ಬ್ಯಾಡವಾ ಬ್ಯಾಡ. ಕಿವುಡ ಇರೂದ ಛಲೋ."

ಒಮ್ಮೆ ಕಿಸೆಕ್ಕ ಹೋದ ಮಷೀನು ಮರುದಿನ ಮುಂಜಾನಿ ತನಕ ಹೊರಗ ಬರ್ತಿದ್ದಿಲ್ಲ. ನಾವು ಕೈ ಮುಗದು ಮರುದಿನ ಹಾಕಿಸ್ತಿದ್ವಿ, ಕಿಟ್ಲಿ ಒದರ್ತಿತ್ತು, ಅದು ಕಿಸೆಕ್ಕ ಹೋಗ್ತಿತ್ತು. ಮಷೀನಿಗೆ ಸಪ್ಪಳಾ ಕಡಿಮಿ ಮಾಡೂ ಸಣ್ಣ ಗುಂಡಿ ಐತಿ, ಇಲ್ಲಂತಲ್ಲ. ಆದ್ರ ಅದನ್ನ ಇಳಿಸಿದ್ರ ಕಿಟ್ಲಿ ಜೋಡಿ ಅತ್ತಿನೂ ಇಳೀತಿದ್ರು.

ನನಗ ಸಿಟ್ಟು ಬಂತು. "ಹೋಗಲಿ ಬಿಡ್ರಿ ಅತ್ತಿ, ವಾಪಸ್ ಕೊಟ್ಟು ಬರೂಣು. ಎಷ್ಟಂತ ಹಟಾ ಹಿಡಿಯೂದು?" ಅಂದೆ. ಅತ್ತಿ ಒಲಿ ಮುಂದ ನಿಂತವರು ತಿರುಗಿ ನೋಡಿದ್ರು. ಕಣ್ಣಾಗ ನೀರು. ನಮ್ಮ ಅತ್ತಿ ಅಳೂ ಪೈಕಿ ಅಲ್ಲ, ಅಳಸೂ ಪೈಕಿ.

"ಅಮಾಸಿ ತನಕ ತಡಿಯವ್ವಾ," ಅಂದ್ರು. "ನನಗ ಅವರಿಗೊಂದು ಒಡಪು ಹೇಳೂದೈತಿ."

ಒಡಪು ಅಂದ್ರ ಗೊತ್ತಲ್ಲ? ಗಂಡನ ಹೆಸರು ಬಾಯಿಲೆ ಹೇಳಬಾರದು, ಆದ್ರ ಶುಭಕಾರ್ಯದಾಗ ಹೇಳಲೇಬೇಕು. ಹಂಗಾಗಿ ಎರಡು ಸಾಲಿನ ಪದಾ ಕಟ್ಟಿ ನಡುವ ಹೆಸರು ಸೇರಿಸಿ ಹೇಳೂದು. ಅತ್ತಿ ಇರಕಲ್ಲಗಡದವರು. ಮದಿವ್ಯಾಗಿ ಈ ಮನಿ ಹೊಸ್ತಿಲಕ್ಕ ಬಂದಾಗ ನಾದಿನ್ಯಾರು ಬಾಗಲಾ ಅಡ್ಡಗಟ್ಟಿ, "ಹೆಸರು ಹೇಳಿದ್ರ ಒಳಗ, ಇಲ್ಲಂದ್ರ ಹೊರಗ" ಅಂದ್ರಂತ. ಎಲ್ಲಾರೂ ಹೇಳೂ ಹಳೇ ಒಡಪು ಬ್ಯಾಡಂತ ಅತ್ತಿ ದಾರಿಯೊಳಗ ಬಂಡ್ಯಾಗ ಕುಂತು ತಾವ ಒಂದು ಕಟ್ಟಿಕೊಂಡು ಬಂದಿದ್ರು. ಹೇಳಿದ್ರು. ಹೆಂಗಸರೆಲ್ಲಾ ಹೋ ಅಂತ ನಕ್ರು. ಬಾಜೂಕ ನಿಂತ ಮಾವಗ ಮಾತ್ರ ಕೇಳಲಿಲ್ಲ. ಕಿವಿ ಆಗಲೇ ಮಂದ ಆಗಿದ್ವು, ಮ್ಯಾಲ ಬ್ಯಾಂಡಿನವರು ಬ್ಯಾರೆ. "ಏನಂದ್ಲು?" ಅಂತ ತಂಗೀನ ಕೇಳಿದ್ರು. ಆಕಿ, "ಏನಿಲ್ಲ ಬಿಡು" ಅಂದ್ಲು.

"ಏನಿಲ್ಲ ಬಿಡು ಅಂದ್ಲು ನೋಡವಾ," ಅಂದ್ರು ಅತ್ತಿ. ಇಷ್ಟು ವರ್ಷದ ಮ್ಯಾಲೂ ಆ ನಾದಿನಿ ಮ್ಯಾಲಿನ ಸಿಟ್ಟು ಆರಿರಲಿಲ್ಲ. "ನನ್ನ ಬಾಯಾಗ ತಮ್ಮ ಹೆಸರು ಹ್ಯಾಂಗ ಕೇಳತೈತಿ ಅಂತ ಆ ಮನಷ್ಯಾಗ ಗೊತ್ತ ಇಲ್ಲ."

"ಒದರಿ ಹೇಳಿ ಬಿಡಬೇಕಿತ್ತಲ್ರಿ ಯಾವಾಗರ. ಓಣಿಗೆ ಗೊತ್ತಿರದ್ದು ಏನೈತಿ ನಮ್ಮ ಮನ್ಯಾಗ?"

"ಗಂಡನ ಹೆಸರು ಒದರಾಕ ನಾ ಏನು ಸಂತ್ಯಾಗ ಬದನಿಕಾಯಿ ಮಾರ್ತೀನೇನು? ಸಕ್ಕರಿ ತೀರಿದ್ದು ಒದರಬಹುದು. ಅದನ್ನ ಮೆಲ್ಲಕ ಹೇಳಬೇಕು. ಮುಂಜಾನಿ ಬಿಸಿನೀರು ಕುಡಿಯೂ ಹೊತ್ತಿನ್ಯಾಗಷ್ಟ ನಾವಿಬ್ಬರ ಇರ್ತೀವಿ. ನೀರು ಗಂಟಲಾ ಇಳಿಯೂಕ್ಕಿಂತ ಮೊದಲು ಮಾತಾಡಿಸಿದ್ರ ಹುಲಿ. ನೀರು ಇಳಿಯೂದರಾಗ ಮಷೀನ್ ಕಿಸೆದಾಗ. ನಾ ಯಾವಾಗ ಹೇಳ್ಲಿ?"

"ಒಡಪು ಏನೈತಿ? ನನಗರ ಹೇಳ್ರಿ."

"ನಿನಗ್ಯಾಕ? ನಿನ್ನ ಗಂಡನ ಹೆಸರು ಐತೇನು ಅದರಾಗ?"

ಮುಗೀತು. ಇನ್ನ ಕಿಟ್ಲಿ ಬಾಯಿ ಮುಚ್ಚಿಸೂದೊಂದ ದಾರಿ.

ನನ್ನ ಗಂಡ ಫೋನಿನ್ಯಾಗ ಹುಡುಕಿ, "ಸಪ್ಪಳಾ ಮಾಡದ ಕೆಟಲ್ ಸಿಗತಾವಂತ, ಹೊಸಾದು ತರಿಸಿ ಬಿಡೂಣು," ಅಂದ್ರು. ಅದನ್ನ ಮಾವನ ಕಿವ್ಯಾಗ ಒದರಿ ಹೇಳಿದ್ವಿ. ಮಾವ ಕಿಟ್ಲಿ ಮ್ಯಾಲ ಕೈ ಇಟ್ಟು, ಮಗನ್ನ ಮ್ಯಾಲಿಂದ ಕೆಳಗ ನೋಡಿದ್ರು. "ಓಡೂ ಮಷೀನ್ ಬದಲಿ ಮಾಡ್ತಾರೇನೋ? ದುರಸ್ತಿ ಮಾಡ್ತಾರ. ನಾನ ಮಾಡ್ತೀನಿ."

ಅವರ ದುರಸ್ತಿ ಗಿರಣಿ ಲೆಕ್ಕದ್ದು. ಹಲ್ಲರಿನ್ಯಾಗ ಭತ್ತ ಇಲ್ಲದ ಖಾಲಿ ಓಡಿಸಿದ್ರ ಭಾಳ ಒದರತೈತಂತ, ಹೊಟ್ಟಿ ತುಂಬ ಭತ್ತ ಬಿಟ್ರ ಸುಮ್ಮನ ತನ್ನ ಕೆಲಸಾ ಮಾಡತೈತಂತ. "ಇಷ್ಟ ದಿನ ಇದಕ್ಕ ಅರ್ಧಹೊಟ್ಟಿ ನೀರು ಹಾಕಿ ಉಪವಾಸ ಕೆಡವೀರಿ, ಒದರದ ಏನು ಮಾಡತೈತಿ?" ಅಂತ ಕೊರಳ ಮಟಾ ನೀರು ತುಂಬಿದ್ರು. ನಾನು ಬ್ಯಾಡ ಅಂತ ಕೈ ಮಾಡಿದೆ. "ತುಂಬಿದ ಕೊಡ ತುಳುಕಂಗಿಲ್ಲ, ಟೀಚರಮ್ಮ," ಅಂದ್ರು.

ಕೊಡ ತುಳುಕಂಗಿಲ್ಲ, ಖರೆ. ಕೊಡದ ಕೆಳಗ ಯಾರೂ ಕರೆಂಟ್ ಹಚ್ಚಿರಂಗಿಲ್ಲಲ್ಲ. ಕುದಿ ಬಂದದ್ದ ಬಂತು, ಮುಚ್ಚಳಾ ಎಬ್ಬಿಸ್ಕೊಂಡು ನೀರು ಕಟ್ಟಿ ಮ್ಯಾಲೆಲ್ಲಾ ಹರದು, ಕೆಳಗಿನ ಪ್ಲೇಟಿಗೆ ಇಳದು, ಟಪ್ ಅಂತ ಇಡೀ ಮನಿ ಕರೆಂಟ್ ಹೋತು. ಫ್ಯಾನ್ ನಿಂತ್ವು. ಬಚ್ಚಲದಾಗಿಂದ ನನ್ನ ಗಂಡ ತಲಿಗೆಲ್ಲಾ ಸಬಕಾರ ಹಚ್ಕೊಂಡು, "ಯಾರು ಏನು ಮಾಡಿದ್ರಿ?" ಅಂತ ಒದರಾಕ ಹತ್ತಿದ್ರು. ನಸುಕಿನ ಕತ್ತಲದಾಗ ಮಾವನ ಧ್ವನಿ ಬಂತು, "ನೋಡಿದ್ರ್ಯಾ? ಸುಮ್ಮನಾತು!"

ಎರಡನೇ ದುರಸ್ತಿ ಗೋಣಿಚೀಲದ್ದು. ಗಿರಣ್ಯಾಗ ತಗಡು ಬಡಕೊಂಡ್ರ ಚೀಲ ಮುಚ್ಚತಿದ್ರಂತ. ಕಿಟ್ಲಿಗೂ ಚಳಿ ಬಂದವರಿಗೆ ಹೊಚ್ಚಿಧಂಗ ಚೀಲ ಹೊಚ್ಚಿದ್ರು. ಉಗಿಗೆ ಚೀಲ ತೊಯ್ದು, ಅದರ ನೀರು ಒಳಗ ಇಳದು, ಆವತ್ತು ಬಿಸಿನೀರೂ ಗೋಣಿ ವಾಸನಿ, ಚಾನೂ ಗೋಣಿ ವಾಸನಿ. ಗದ್ದಲ ಇದ್ದಂಗ ಇತ್ತು. ನಾವೆಲ್ಲಾ ಮುಖಾ ಕಿವಚಿದ್ವಿ. ಮಾವ ಮಾತ್ರ ಬಾಯಿ ಚಪ್ಪರಿಸಿ ಕುಡದು, "ಆಹಾ, ಗಿರಣ್ಯಾಗಿನ ಚಾ ನೆನಪಾತು," ಅಂದ್ರು. ಅತ್ತಿ ಅವರನ್ನ ನೋಡಿದ ನೋಟಕ್ಕ ಹಾಲು ಒಡೀಬೇಕಿತ್ತು.

ಅಮಾಸಿ ಹತ್ರ ಬರಾಕ ಹತ್ತಿತ್ತು. ನನಗ ನಾನ ಬೈಕೊಂಡೆ. ಎಂಟನೇ ಕ್ಲಾಸಿನ ಮಕ್ಕಳಿಗೆ ನೀರು ನೂರು ಡಿಗ್ರಿಗೆ ಕುದೀತೈತಿ ಅಂತ ವರ್ಷಾ ವರ್ಷಾ ಬೋರ್ಡಿನ ಮ್ಯಾಲ ಬರೀತೀನಿ, ಕುದಿಯೂಕ್ಕಿಂತ ಮೊದಲ ಅದು ಯಾಕ ಅಷ್ಟು ಒದರತೈತಿ ಅಂತ ಒಂದು ದಿನ ತಲಿ ಕೆಡಸ್ಕೊಂಡಿಲ್ಲ. ಮಾವ ಮಧ್ಯಾಹ್ನ ಮಲಗಿದಾಗ ಕಿಟ್ಲಿ ಮುಂದ ಕುಂತು ಕಿವಿಗೊಟ್ಟು ಕೇಳಿದೆ. ಒಂದು ಕಡಾಯಿ ಒಳಗ ನೀರಿಟ್ಟು ಅದನ್ನೂ ಕಣ್ಣಿಟ್ಟು ನೋಡಿದೆ. ತಳಾ ಮೊದಲು ಕಾಯ್ತೈತಿ, ಮ್ಯಾಲಿನ ನೀರು ಇನ್ನೂ ತಣ್ಣಗಿರತೈತಿ. ತಳದಾಗ ಹುಟ್ಟಿದ ಸಣ್ಣ ಉಗಿಗುಳ್ಳಿ ಮ್ಯಾಲ ಏರಿ ಬಂದು, ತಣ್ಣೀರು ತಗಲಿದ್ದ ತಡ ಟಪಕ್ ಅಂತ ಮುದುಡಿ ಒಡೀತೈತಿ. ಅಂಥಾವು ಸಾವಿರ ಗುಳ್ಳಿ ಒಮ್ಮೆಲೆ ಒಡದ್ರ ಭರ್ರ್ ಅನ್ನೂ ಸಪ್ಪಳಾ. ನೀರೆಲ್ಲಾ ಒಂದ ಸಮ ಕಾದ ಮ್ಯಾಲ ಗುಳ್ಳಿಗೆ ಒಡಿಯೂ ಕಾರಣ ಇರಂಗಿಲ್ಲ, ಸೀದಾ ಮ್ಯಾಲ ಬಂದು ಕೊತಕೊತ ಅಂತ ಹೋಗತೈತಿ. ಅಂದ್ರ ಗದ್ದಲ ಎಲ್ಲಾ ಕುದಿಯೂಕ್ಕಿಂತ ಮೊದಲಿಂದು, ಕುದಿ ಬಂದ್ರ ತಾನ ಸುಮ್ಮನಾಗತೈತಿ. ನಮ್ಮ ಮನಿ ಹೆಂಗಸರ ಸಿಟ್ಟೂ ಹಿಂಗ ಐತಿ, ಆದ್ರ ಅದನ್ನ ಪಾಠದಾಗ ಹೇಳಾಕ ಬರಂಗಿಲ್ಲ.

ಗುಳ್ಳಿ ಒಡಿಯೂದನ್ನ ನಾ ನಿಂದ್ರಸಾಕ ಆಗಂಗಿಲ್ಲ. ಮತ್ತ ಮುಚ್ಚಳಾ ತಗದು ತಳಾ ನೋಡಿದೆ. ಅಯ್ಯ ಶಿವನ! ಬೋರಿನ ಸವಳು ನೀರಿಗೆ ಸುಣ್ಣ ಕಟ್ಟಿ, ತಳದಾಗ ಹಳೇ ಗ್ವಾಡಿಯಂಗ ಹಕ್ಕಳಿಕಿ ಎದ್ದಿದ್ವು. ಅದರ ಸಂದ್ಯಾಗ ನೀರು ಹೊಕ್ಕು ಚಟಚಟ ಅನ್ನಾಕ ಹತ್ತಿತ್ತು. ಹುಣಸಿ ಹುಳಿ ಹಾಕಿ ಕುದಿಸಿದ್ರ ಸುಣ್ಣ ಬಿಡತೈತಿ ಅಂತ ಒಂದು ಮುಷ್ಟಿ ಹುಣಸಿಹಣ್ಣು ಹಾಕಿ ಕುದಿಸಿ, ನೆನಿಲಿ ಅಂತ ಬಿಟ್ಟು, ಒಣಗಿದ ಅರಬಿ ತರಾಕ ಮಾಳಿಗಿ ಮ್ಯಾಲ ಹೋದೆ. ಕೆಳಗ ಬರೂದರಾಗ ಮಾವ ಎದ್ದಿದ್ರು, ಲೋಟಾ ಕೈಯಾಗಿತ್ತು.

"ಇವತ್ತಿನ ಸಾರು ಯಾರು ಮಾಡ್ಯಾರ?" ಅಂದ್ರು. "ಉಪ್ಪಿಲ್ಲ, ಖಾರಿಲ್ಲ. ಒಗ್ಗರಣಿಗೆ ಎಣ್ಣಿ ತೀರೇತೇನು?"

ಎದುರಿನ ಅಂಗಡಿಯಣ್ಣ ಅಲ್ಲಿಂದನ ಕೇಳಿದ, "ಎಣ್ಣಿ ಕಳಸ್ಲೇನ್ರಿ?"

ಏನ ಆಗಲಿ, ಸುಣ್ಣ ಬಿಡ್ತು. ಕಿಟ್ಲಿ ಒಳಗ ತೊಳದ ತಾಟಿನಂಗ ಆತು. ನಾಲ್ಕು ಸಲ ಬರೇ ನೀರು ಕುದಿಸಿ ಚೆಲ್ಲಿದೆ. ಇನ್ನ ಮ್ಯಾಲ ಕಿಟ್ಲಿಗೆ ಬೋರಿನ ನೀರು ಬ್ಯಾಡ, ಕುಡಿಯೂ ಕ್ಯಾನಿನ ನೀರ ಹಾಕಬೇಕು ಅಂತ ಆತು. ಚಟಚಟ ನಿಂತಿತ್ತು. ಆದ್ರ ಒಂದು ಗಿಲಿಗಿಲಿ ಇನ್ನೂ ಇತ್ತು, ಕಿವಿ ಮಷೀನ್ ಇಲ್ಲದ ನನಗ ತಲಿ ಚಿಟ್ ಹಿಡಿಯೂವಷ್ಟು. ಮಾವನ ಹಂಗ ನಾನೂ ಕಟ್ಟಿ ಮ್ಯಾಲ ಅಂಗೈ ಊರಿ ನಿಂತೆ. ಕಲ್ಲು ನಡಗಾಕ ಹತ್ತಿತ್ತು. ಆ ಕಲ್ಲು ನಮ್ಮ ಕುಷ್ಟಗಿ ಕಡೇದು, ನುಣ್ಣಗ, ಕೆಂಪಗ, ತವರಿನ ಕಲ್ಲು ಅಂತ ನಾನ ಹಟಾ ಮಾಡಿ ಹಾಕ್ಸಿದ್ದು. ಅದರ ಕೆಳಗ ಪೊಳ್ಳು. ಮ್ಯಾಲ ಗ್ವಾಡಿಗುಂಟ ಸಾಲಾಗಿ ಅತ್ತಿಯ ಸ್ಟೀಲ್ ಡಬ್ಬಿಗಳು, ಖಾರಪುಡಿದು, ಅವಲಕ್ಕಿದು, ಗುರೆಳ್ಳು ಚಟ್ನಿದು. ಕಿಟ್ಲಿ ಗುರ್ ಅಂದಕೂಡಲೆ ಕಲ್ಲು ನಡಗಿ, ಅಷ್ಟೂ ಡಬ್ಬಿ ಮುಚ್ಚಳಾ ಭಜನಿ ತಾಳ ಹಾಕ್ತಿದ್ವು! ಇಷ್ಟು ದಿನ ಕಿಟ್ಲಿಗೆ ಬೈದ್ವಿ, ಅರ್ಧ ಗದ್ದಲ ನಮ್ಮ ಡಬ್ಬಿಗಳದು.

ಡಬ್ಬಿ ಎಲ್ಲಾ ಕಪಾಟಿನ್ಯಾಗ ಸರಿಸಿದೆ. ಕಿಟ್ಲಿ ಕೆಳಗ ಮೆತ್ತಂದು ಏನರ ಹಾಸಿ, ಅದರ ಮ್ಯಾಲ ಊಟಕ್ಕ ಕುಂದ್ರೂ ಕಟ್ಟಿಗಿ ಮಣಿ ಇಟ್ಟು, ಮಣಿ ಮ್ಯಾಲ ಕಿಟ್ಲಿ ಕುಂದ್ರಿಸಿದ್ರ ನಡುಗು ಕಲ್ಲಿಗೆ ಇಳಿಯಂಗಿಲ್ಲ ಅಂತ ಅತ್ತಿಗೆ ಹೇಳಿದೆ. ಅವರು ಒಳಗ ಹೋಗಿ, ತಾವ ಕೈಲೆ ಹೊಲಿದ ಕೌದಿ ತಂದು ಕತ್ತರಿ ಹಾಕಿದ್ರು. ನಾನು ಹೌಹಾರಿದೆ. ಆ ಕೌದಿ ಮ್ಯಾಲ ನನ್ನ ಮಗಳು ಕಾಲಿಟ್ರೂ ಬೈತಿದ್ದ ಹೆಂಗಸು ಅದು. "ಹಳೇ ಸೀರಿ ಇದ್ದುವಲ್ರಿ ಅತ್ತಿ," ಅಂದೆ.

"ಹಳೇದು ತೆಳ್ಳಗಿರತೈತಿ. ದಪ್ಪ ಇರಲಿ," ಅಂದ್ರು. ಕತ್ತರಿ ನಿಂದ್ರಿಸಲಿಲ್ಲ.

ಅಷ್ಟರಾಗ ಮಾವ ಬಂದು, ತಮ್ಮ ಮಷೀನಿಗೆ ನಾನು ಕೈ ಹಚ್ಚಿದ್ದು ನೋಡಿ ಕಣ್ಣು ಕೆಂಪಗ ಮಾಡಿದ್ರು. ನಾನು ಅವರ ಕಿವಿ ಹತ್ರ ಹೋಗಿ, "ಮಷೀನಿಗೆ ಫೌಂಡೇಶನ್ ಹಾಕಾಕ ಹತ್ತೀನ್ರಿ ಮಾವಾರ!" ಅಂತ ಒದರಿದೆ. ಮುಖಾ ಅರಳಿತು. "ಹಾಂ! ಫೌಂಡೇಶನ್! ಇದನ್ನ ಮೊದಲ ಹೇಳಬಾರದಾ? ಫೌಂಡೇಶನ್ ಇಲ್ಲದ ಯಾವ ಮಷೀನು ಸುಮ್ಮನಿರತೈತಿ?" ಅಂದು, ತಾವ ಮಣಿ ಸಮ ಐತೋ ಇಲ್ಲೋ ಅಂತ ಬಗ್ಗಿ ಬಗ್ಗಿ ನೋಡಿ ಕುಂದ್ರಿಸಿದ್ರು. ಸಂಜೀಕ ಅಂಗಡಿಗೆ ಹೋದ್ರ ಅಂಗಡಿಯಣ್ಣ, "ಟೀಚರ್ರ, ಮ್ಯಾಲ ಮನಿ ಕಟ್ಟಿಸಾಕ ಹತ್ತೀರೇನ್ರಿ? ಫೌಂಡೇಶನ್ ಅಂತಿದ್ರಿ," ಅಂದ.

ಮರುದಿನ ಅಮಾಸಿ. ಮಷೀನ್ ವಾಪಸ್ ಕೊಡೂದಿದ್ರ ಅದ ದಿನ. ಮುಂಜಾನೆ ನನ್ನ ಗಂಡಗ ಬೋರಿನ ಮೋಟಾರ್ ಚಾಲೂ ಮಾಡಿದ್ರ ನೋಡ್ರಿ ಮತ್ತ ಅಂತ ಹೇಳಿ, ನಾನು ಪಡಸಾಲ್ಯಾಗ, ಅಡಗಿ ಮನಿ ಪರದೆ ಬಾಜು, ಮಲ್ಲಿಗಿ ಕಟ್ಟೂ ನೆವಾ ಮಾಡಿ ಕುಂತೆ. ಕದ್ದು ಕೇಳೂದು ತಪ್ಪಂತ ಗೊತ್ತೈತಿ. ಅಷ್ಟು ಹುಣಸಿಹಣ್ಣು ಹಾಕಿದಾಕಿಗೆ ಅಷ್ಟರ ಹಕ್ಕು ಬ್ಯಾಡೇನ್ರಿ?

ಮಾವ ಬಂದು ಮಷೀನ್ ಕಿವಿಗೆ ಹಾಕ್ಕೊಂಡ್ರು. ವಾಪಸ್ ಕೊಟ್ಟು ಬರೂಕ್ಕಿಂತ ಮೊದಲು ಕಡೀ ಸಲ ಅಂತ ಮುಖಾ ಗಂಟು ಹಾಕ್ಕೊಂಡಿದ್ರು. ಅತ್ತಿ ತಣ್ಣೀರಿಲೆ ಮುಖಾ ತೊಳ್ಕೊಂಡು, ಹೊಸದಾಗಿ ಕುಂಕುಮಾ ಇಟ್ಕೊಂಡು ಬಂದಿದ್ರು. ಗುಂಡಿ ಒತ್ತಿದ ಸಪ್ಪಳಾ ಕೇಳ್ತು. ಸುಂಯ್ ಅಂತು. ಗುರ್ ಅಂತು. ಪರದೆ ಸಂದ್ಯಾಗ ನೋಡಿದೆ, ಮಾವನ ಕೈ ಕಿವಿ ತನಕ ಹೋಗಿತ್ತು. ಕೈ ಅಲ್ಲೇ ನಿಂತಿತು. ಮಾವ ತಲಿ ವಾರಿ ಮಾಡಿ, ಕಣ್ಣು ಮುಚ್ಚಿ ಕೇಳಿದ್ರು. "ಹ್ಞಾ," ಅಂದ್ರು. "ಈಗ ಬರೊಬ್ಬರಿ ಓಡಾಕ ಹತ್ತೇತಿ." ಕೈ ಕೆಳಗ ಇಳೀತು.

ಕುದಿ ಬಂತು, ಗುರ್ ಇಳೀತು, ಟಕ್ ಅಂತು. ಮಾವ ನೀರು ಊದಿ ಊದಿ ಕುಡದ್ರು. ಮನಿ ಎಷ್ಟು ಸುಮ್ಮನಾಗಿತ್ತಂದ್ರ ಗಂಟಲದಾಗ ನೀರು ಇಳಿಯೂದು ನನಗ ಕೇಳ್ತಿತ್ತು. ಅತ್ತಿ ಮಾತಾಡ್ಲೇ ಇಲ್ಲ. ಹೇಳ್ರಿ ಅತ್ತಿ, ಹೇಳ್ರಿ, ಅಂತ ನಾನು ಮಲ್ಲಿಗಿ ಮಗ್ಗಿ ಹಿಚಕಾಕ ಹತ್ತಿದೆ.

"ಬಿಸಿ ಐತೇನ್ರಿ?" ಅಂದ್ರು ಅತ್ತಿ, ಮೆಲ್ಲಕ.

ಹಣಿ ಬಡ್ಕೊಂಡೆ. ಇಷ್ಟಕ್ಕ ಕೌದಿ ಕತ್ತರಿಸಿದ್ರೇನು?

"ಐತಿ," ಅಂದ್ರು ಮಾವ. ಕೇಳ್ಸಿತ್ತು! ಮೆಲ್ಲಕ ಅಂದದ್ದು ಕೇಳ್ಸಿತ್ತು. ಅದ ಧೈರ್ಯಾ ಕೊಟ್ಟಿರಬೇಕು. ಬಳಿ ಸಪ್ಪಳಾ ಆತು, ಅತ್ತಿ ಹತ್ರ ಸರದು ಕುಂತ್ರು. ಮದಿಮಗಳ ಧ್ವನ್ಯಾಗ ಹೇಳಿದ್ರು:

"ಜ್ವಾಳದ ಹೊಲ ಹಿಂದ ಬಿಟ್ಟು ಅಕ್ಕಿ ಊರಿಗೆ ನಡದೆ,
ಗಿರಣಿ ಎಷ್ಟ ಒದರಿದ್ರೂ ಬಿಡಂಗಿಲ್ಲ, ... ಅವರ ಕೈ ಹಿಡದೆ."

ನಡುವಿನ ಹೆಸರು ನಾ ಬರಿಯಂಗಿಲ್ಲ. ಆದ್ರ ಆ ಹೆಸರನ್ನ ಆಧಾರ್ ಕಾರ್ಡಿನ್ಯಾಗ ಓದೀನಿ, ಪಿಂಚಣಿ ಕಾಗದದಾಗ ಓದೀನಿ, ಅದು ಅಷ್ಟು ಚಂದ ಐತಿ ಅಂತ ನನಗ ಆವತ್ತಿನ ತನಕ ಗೊತ್ತಿರಲಿಲ್ಲ.

ಮಾವ ಲೋಟಾ ಕೆಳಗ ಇಟ್ಟದ್ದು ಕೇಳ್ತು. ಆಮ್ಯಾಲ, ಜಲ್ಮದಾಗ ಮೆಲ್ಲಕ ಮಾತಾಡಿ ಗೊತ್ತಿಲ್ಲದ ಮನಷ್ಯಾ, ಹಲ್ಲರು, ಜರಡಿ, ಮೋಟಾರು ಎಲ್ಲಾ ದಾಟಿ ಆಚಿಗೆ ಕೇಳ್ಸೂವಂಗ ಕೂಗಿದ್ರು:

"ಇನ್ನೊಮ್ಮೆ ಹೇಳು! ನನ್ನ ಹೆಸರು ಇನ್ನೊಮ್ಮೆ ಹೇಳು!"

ಅಂಗಡಿ ಮ್ಯಾಲಿನ ಕಾಗಿ ಹಾರಿದ್ವು. ಬಾಜು ಮನಿ ಅಕ್ಕ ಗ್ವಾಡಿ ಆಚಿಂದ, "ಹೇಳ್ರಿ ಕಾಕೂ, ಹೇಳ್ರಿ, ನಾವೂ ಕೇಳ್ತೀವಿ!" ಅಂದ್ಲು.

"ಅಯ್ಯ ನನ್ನ ಕರ್ಮಾ! ಒದರಬ್ಯಾಡ್ರಿ!" ಅಂದ್ರು ಅತ್ತಿ. "ನಿಮಗ ಕೇಳ್ಸಿತು, ಇನ್ನ ಊರಿಗೆಲ್ಲಾ ಕೇಳ್ಸಬೇಕೇನು? ನಿಮ್ಮ ಧ್ವನಿ ನಿಮಗ ಕೇಳಂಗಿಲ್ಲೇನು?"

ಕೇಳಿರಬೇಕು. ಕಿವ್ಯಾಗ ಮಷೀನ್ ಇತ್ತಲ್ಲ, ತಮ್ಮ ಕೂಗು ತಮಗ ಬಡದು ಗಾಬರಿ ಆಗಿರಬೇಕು. ಮಾವ ಆಮ್ಯಾಲ ಅತ್ತಿಗೆ ಏನೋ ಅಂದ್ರು, ಭಾಳ ಮೆಲ್ಲಕ. ಅತ್ತಿ ನಕ್ಕದ್ದು ಕೇಳ್ತು, ಮೂಗು ಸೇದಿದ್ದೂ ಕೇಳ್ತು. ನಾನು ಪರದೆಗೆ ಕಿವಿ ಹಚ್ಚಿದೆ. ಮಾವ ಮತ್ತ ಏನೋ ಅಂದ್ರು. ಈ ಮನಿಗೆ ಸೊಸಿಯಾಗಿ ಬಂದ ಮ್ಯಾಲ ಮೊದಲನೇ ಸಲ ಮಾವ ಆಡಿದ ಮಾತು ನನಗ ಕೇಳಲಿಲ್ಲ.

ಗ್ವಾಡಿ ಮ್ಯಾಲಿಂದ ಬಾಜು ಮನಿ ಅಕ್ಕ ತಲಿ ಹಾಕಿದ್ಲು. ಓಣಿ ಪರವಾಗಿ ಕೇಳ್ತಿದ್ಲು, ಪಾಪ. "ಟೀಚರ್ರ, ಕಾಕಾ ಏನಂದ್ರು?"

"ಏನಿಲ್ಲ ಬಿಡ್ರಿ," ಅಂದೆ.